ಒಂಬತ್ತನೆಯ ಉಂಗುರದಾಚೆ

"ಎಣಿಸಿ ತೋರಿಸಿಬಿಡಿ ಮೇಡಂ, ನಾವೂ ಕಣ್ತುಂಬ ನೋಡ್ತೀವಿ," ಎಂದು ದೋಣಿ ಮಾಲೀಕರ ಮುಖಂಡ ಕುರ್ಚಿಗೆ ಒರಗಿದ. ಮೀನಿನ ವಯಸ್ಸು ಮೀನಿಗೇ ಗೊತ್ತಿಲ್ಲ, ಮೇಡಂಗೆ ಗೊತ್ತು ಎಂದು ಪಕ್ಕದವನ ಕಿವಿಯಲ್ಲಿ ಸಭೆಗೆಲ್ಲ ಕೇಳುವಂತೆ ಪಿಸುಗುಟ್ಟಿದ.

ಪ್ರೊಫೆಸರ್ ನಗಲಿಲ್ಲ. ಕೈಯಲ್ಲಿದ್ದ ಲೇಸರ್ ಪಾಯಿಂಟರ್ ಎತ್ತಿ ಹಿಡಿದರು. ಎದುರಿನ ಪರದೆಯ ಮೇಲೆ ಕೆಂಪು ಮೀನಿನ ಕಿವಿಯೊಳಗಿನ ಕಲ್ಲಿನ ತೆಳು ಸೀಳಿನ ಚಿತ್ರ ಗೋಡೆಯಷ್ಟಾಗಿ ನಿಂತಿತ್ತು. ಕೊಯ್ದ ಮರದಲ್ಲಿರುವಂತೆ ಅದರಲ್ಲೂ ವರ್ಷಕ್ಕೊಂದು ಉಂಗುರ. ಚಳಿಗೆ ಬೆಳವಣಿಗೆ ಕುಂಠಿತವಾದಾಗಲೇ ಉಂಗುರ ಎದ್ದು ಕಾಣುವುದು. ಆದರೆ ಇದು ಚಳಿಗಾಲವೇ ಇಲ್ಲದ ಕಡಲಿನ ಮೀನು. ಉಂಗುರಗಳು ಮಸುಕು, ಅಂಚಿಗೆ ಹೋದಂತೆ ಒತ್ತೊತ್ತು. ಒಂಬತ್ತರ ತನಕ ಅವರಿಗೆ ಕಾಣುತ್ತಿತ್ತು. ಆಮೇಲೆ ಬರೀ ಹಾಲು ಬಣ್ಣದ ಮಂಜು.

ಮೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಈ ಮೀನು ಬೇಗ ಬೆಳೆಯುತ್ತದೆ, ಒಂಬತ್ತು ವರ್ಷ ದಾಟುವುದು ಅಪರೂಪ ಎಂದು ಪ್ರೊಫೆಸರೇ ಹೇಳಿದ್ದರು. ಎಷ್ಟು ಹಿಡಿಯಬಹುದೆಂಬ ಮಿತಿ ಆ ಮಾತಿನ ಮೇಲೆಯೇ ನಿಂತಿತ್ತು. ಅದನ್ನು ಮುಂದುವರಿಸಬೇಕೇ ಎಂಬುದು ಇಂದಿನ ಪ್ರಶ್ನೆ. ಹೋದ ತಿಂಗಳು ಅವರ ಸಂಶೋಧನಾ ವಿದ್ಯಾರ್ಥಿನಿ ಇಂಥದೇ ಕಲ್ಲುಗಳಲ್ಲಿ ಹದಿನಾಲ್ಕು ಎಣಿಸಿ ತಂದಿದ್ದಳು. ಅದು ನಿಜವಾದರೆ ಮೀನು ನಿಧಾನಕ್ಕೆ ಬೆಳೆಯುವಂಥದ್ದು. ಈಗಿನಷ್ಟೇ ಹಿಡಿಯುತ್ತ ಹೋದರೆ ತಳಿಯೇ ಉಳಿಯುವುದಿಲ್ಲ. ಇಲ್ಲದ್ದನ್ನು ಕಾಣುವ ಕಣ್ಣು ಈ ಕೆಲಸಕ್ಕೆ ಆಗಿಬರುವುದಿಲ್ಲ ಎಂದು ಪ್ರೊಫೆಸರ್ ಅವಳ ಪ್ರಬಂಧದ ಆ ಇಡೀ ಅಧ್ಯಾಯವನ್ನು ಹಿಂದಿರುಗಿಸಿದ್ದರು. ಹುಡುಗಿ ಹಾಳೆಗಳನ್ನು ಎತ್ತಿಕೊಂಡು ಹೋಗಿದ್ದಳು.

ನಿನ್ನೆ ಕಣ್ಣಿನ ಡಾಕ್ಟರು, ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಂದು ವರ್ಷಗಳೇ ಆಗಿರಬೇಕು ಎಂದರು. ಜೊತೆಗಿದ್ದ ತಂಗಿ ದಾರಿಯುದ್ದಕ್ಕೂ ನಕ್ಕಳು. "ಕಡಲ ಮೀನಿಗೆಲ್ಲ ವಯಸ್ಸು ಹೇಳ್ತೀಯ ಅಕ್ಕ, ನಿನ್ನ ಕಣ್ಣಿಗೆ ವಯಸ್ಸಾಗಿದ್ದು ಗೊತ್ತಾಗ್ಲಿಲ್ವಾ?"

ಒಂಬತ್ತು ಎಂದುಬಿಟ್ಟರೆ ಎಲ್ಲರೂ ಎದ್ದು ಚಹಾಕ್ಕೆ ಹೋಗುತ್ತಾರೆ. ಸಭೆ ಕರೆದಿದ್ದ ಮೀನುಗಾರಿಕೆ ಇಲಾಖೆಯ ನಿರ್ದೇಶಕರು ಆಗಲೇ ಎರಡು ಸಲ ಗಡಿಯಾರ ನೋಡಿದ್ದರು.

ಪ್ರೊಫೆಸರ್ ಹಿಂದಿನ ಸಾಲಿನತ್ತ ತಿರುಗಿ ಪಾಯಿಂಟರ್ ಚಾಚಿದರು. "ಬಾ. ನೀನು ಎಣಿಸು."

ವಿದ್ಯಾರ್ಥಿನಿ ಎದ್ದು ಬಂದಳು. ಕೆಂಪು ಚುಕ್ಕೆ ಕಲ್ಲಿನ ನಡುವಿನಿಂದ ಹೊರಟು ಒಂದೊಂದೇ ಉಂಗುರ ದಾಟಿತು. "ಒಂಬತ್ತು," ಎಂದು ಹೇಳಿ ಅವಳು ಕೈ ಇಳಿಸಿ, ಪ್ರೊಫೆಸರ ಮುಖ ನೋಡಿದಳು.

"ಅಲ್ಲಿಗೆ ಸರಿಹೋಯ್ತು," ಎಂದು ಮುಖಂಡ ಕುರ್ಚಿ ಹಿಂದಕ್ಕೆ ತಳ್ಳಿದ.

ಕಲ್ಲಿನ ಅಂಚು ಇನ್ನೂ ದೂರವಿತ್ತು. ಅಷ್ಟು ಪ್ರೊಫೆಸರಿಗೂ ಕಾಣುತ್ತಿತ್ತು.

"ನನ್ನ ಮುಖ ಯಾಕೆ ನೋಡ್ತೀಯ? ಪರದೆ ನೋಡು. ಮುಂದೆ?"

"ಮೇಡಂ, ನೀವೇ ಅವತ್ತು..."

"ಅದರಾಚೆ ನನಗೆ ಕಾಣಲ್ಲ ಕಣಮ್ಮ."

ಎದ್ದವರು ಎದ್ದಲ್ಲೇ ನಿಂತರು. ಪ್ರೊಫೆಸರ್ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದರು. ಪರದೆಯ ಮಂಜಿನಲ್ಲಿ ಕೆಂಪು ಚುಕ್ಕೆ ಮತ್ತೆ ಮೂಡಿ, ಕೂದಲೆಳೆಯಷ್ಟು ಮುಂದಕ್ಕೆ ಸರಿಯಿತು.