ವಿಮಾನ, ಬಿಗುಮಾನ

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದಿನ ನಿಲ್ದಾಣಕ್ಕೆ ಆಕಾಶದಲ್ಲಿ ನಾನೂರು ಕಿಲೋಮೀಟರ್ ಚಿಲ್ಲರೆ, ಎಪ್ಪತ್ತೈದು ನಿಮಿಷದ, ಸವಾ ತಾಸಿನ ದಾರಿ ಎಂದು ಮಗಳು ಮೊಬೈಲು ನೋಡಿ ಹೇಳಿದಾಗ ಗುಲ್ನಾಜ ‘ಇಷ್ಟೇನಾ?’ ಅಂದಳು. ತಮ್ಮ ತನ್ವೀರ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಸವಾ ತಾಸಿನಲ್ಲಿ ಇಳಿಯುವ ಸಿಟ್ಟೇ ಅದು? ತನ್ನ ಮೊಮ್ಮಗಳ ಮದುವೆಗೆ ಕರೆದ ಹೈದರಾಬಾದಿನ ಚಿಕ್ಕಮ್ಮ, ಅವರ ಖಾಲಾ, ಮಾತ್ರ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದಳು: ಅಕ್ಕ ತಮ್ಮ ಮಾತಾಡಿಕೊಂಡು ಬರುವುದಾದರೆ ಬರ್ರಿ, ಇಲ್ಲದಿದ್ದರೆ ಬರಬೇಡ್ರಿ.

ಮೊದಲಾದರೆ ರೈಲಿತ್ತು. ಗುಲ್ನಾಜಳ ಮನೆಯವರು ಸಿಟ್ಟನ್ನು ಸ್ಟೇಷನ್ನಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಕಿಟಕಿಯ ಸೀಟಿಗೆ ಜಗಳವಾದರೆ ಅದು ಗದಗ ಸಿಟ್ಟು. ಗದಗಿನಲ್ಲಿ ಬಿಸಿ ಮಿರ್ಚಿ ಭಜಿ ಬಂದೊಡನೆ ಖಲಾಸ್. ಕೈ ಕೈ ಮಿಲಾಯಿಸಿದರೆ ಹೋಟಗಿ ಸ್ಟೇಷನ್ ಬರುವತನಕದ ಹೋಟಗಿ ಸಿಟ್ಟು. ಅದರ ಮುಂದಿನ ವಾಡಿ ಜಂಕ್ಷನ್ ದಾಟಿದ ಸಿಟ್ಟು ಒಂದೂ ಇರಲಿಲ್ಲ. ದಾಟಲು ಅಬ್ಬಾ ಬಿಟ್ಟರಲ್ಲವೇ! ಹೆಬ್ಬಳ್ಳಿಯಿಂದ ಬಂದು ಹುಬ್ಬಳ್ಳಿಯಲ್ಲಿ ಗ್ಯಾರೇಜು ಹಾಕಿದ್ದ ಅವರ ಅಪ್ಪ ಅಹಮದಸಾಬರು ಚಹಾದವನ ದನಿ, ಟಿಸಿಯ ಗತ್ತು, ಎಂಜಿನ್ನಿನ ಏದುಸಿರು ಎಲ್ಲವನ್ನೂ ಗಂಟಲಲ್ಲಿ ಇಟ್ಟುಕೊಂಡೇ ರೈಲು ಹತ್ತಿ, ಅವರಂತೆಯೇ ದನಿ ತೆಗೆದು ಮಕ್ಕಳನ್ನು ನಗಿಸುತ್ತಿದ್ದರು.

ಅವರು ತೀರಿಹೋದ ಮೇಲೆ ಆ ಗಂಟಲು ಗುಲ್ನಾಜಳ ಪಾಲಿಗೆ ಬಂತು. ಅದೇ ಕುತ್ತಿಗೆಗೆ ಬಂತು. ತನ್ವೀರನ ಮಗನ ನಿಕಾಹದಲ್ಲಿ, ಹೊಸ ಬೀಗರ ಮುಂದೆಯೇ, ಅವನು ಮಾತಿನ ನಡುವೆ ತಡವರಿಸಿ ‘ಅಂದ್ರ... ಅಂದ್ರ...’ ಎನ್ನುವುದನ್ನು ಅವಳು ಹುಬೇಹೂಬ್ ಮಾಡಿ ತೋರಿಸಿದಳು. ಶಾಮಿಯಾನವೇ ನಕ್ಕಿತು. ಅಂದು ಅವಳು ‘ಅಂದ್ರ’ ಅಂದದ್ದೇ, ಅಂದಿನಿಂದ ಅವನು ಒಂದು ಮಾತೂ ಅನ್ನಲಿಲ್ಲ. ಅವಳೂ ಯಾರ ದನಿಯನ್ನೂ ತೆಗೆಯಲಿಲ್ಲ.

ಈಗ ಮಗಳು ತೆಗೆಸಿದ ಟಿಕೀಟಿನಲ್ಲಿ ಇಬ್ಬರಿಗೂ ಪಕ್ಕಪಕ್ಕದ ಸೀಟು. ಹೊರಗೆ ವಿಮಾನ, ಒಳಗೆ ಬಿಗುಮಾನ. ನೀರು ಬೇಕೇ ಎಂದು ಕೇಳಿದಳು, ಬೇಡವೆಂದು ತಲೆಯಾಡಿಸಿದ. ತಿಂಡಿಯ ಡಬ್ಬಿ ತೆಗೆದಳು, ಕಣ್ಣು ಮುಚ್ಚಿದ. ಗದಗ ಯಾವ ಮೋಡದ ಕೆಳಗೆ ಹೋಯಿತೋ, ಹೋಟಗಿ ಯಾವುದರ ಕೆಳಗೋ. ನಿಲ್ಲದ ದಾರಿಯಲ್ಲಿ ಸಿಟ್ಟು ಇಳಿಯುವುದಾದರೂ ಎಲ್ಲಿ? ಅಷ್ಟರಲ್ಲಿ ವಿಮಾನವೇ ಇಳಿಯತೊಡಗಿದೆ ಎಂಬ ಪ್ರಕಟಣೆ ಬಂತು.

ತನ್ವೀರ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೆಳಗೆ ನೋಡುತ್ತಿದ್ದ, ಹುಡುಗನಾಗಿದ್ದಾಗ ರೈಲಿನ ಕಿಟಕಿಯಿಂದ ನೋಡುತ್ತಿದ್ದ ಹಾಗೆಯೇ. ಗುಲ್ನಾಜಳ ಬಾಯಿಂದ ಅವಳಿಗೇ ತಿಳಿಯದಂತೆ ಅಬ್ಬಾನ ದನಿ ಹೊರಬಿತ್ತು.

“ತನ್ನೂ, ಮಾರಿ ಒಳಗ ತಗೋಪಾ. ಎಂಜಿನ್ ಇದ್ದಲಿ ಹಾರಿ ಕರ್‍ರಗಾದಿ ಅಂದ್ರ ನಿಮ್ಮ ಖಾಲಾ ಗುರ್ತ ಹಿಡಿಯಂಗಿಲ್ಲ.”

ಹೇಳಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಮತ್ತೆ ಅದೇ ಚಟ, ಮುಗಿಯಿತು ಕಥೆ, ಅಂದುಕೊಂಡಳು. ತನ್ವೀರ ನಿಧಾನವಾಗಿ ತಿರುಗಿದ.

“ಮೊದಲ ಕೆಮ್ಮತಿದ್ರು,” ಅಂದ. “ಕೆಮ್ಮಿ ಆಮ್ಯಾಲೆ ಹೇಳತಿದ್ರು.”

ಅವಳು ಕೆಮ್ಮಿ ಹೇಳಿದಳು. ಗ್ಯಾರೇಜಿನ ಹೊಗೆ ಕುಡಿದ ಆ ಕೆಮ್ಮು ಕೇಳಿ ಮುಂದಿನ ಸೀಟಿನವನೂ ತಿರುಗಿ ನೋಡಿದ. ತನ್ವೀರನ ಮೀಸೆ ನಗುತ್ತಿತ್ತು, ಕಣ್ಣು ಮಾತ್ರ ಬೇರೆಯದೇ ಕೆಲಸ ಹಚ್ಚಿಕೊಂಡಿತ್ತು. ಗಾಲಿ ನೆಲಕ್ಕೆ ತಾಗಿತು. ಜನ ಎದ್ದು ಚೀಲ ಇಳಿಸತೊಡಗಿದರು.

“ಆಪಾ, ಮಂದ್ಯಾಗ ನನ್ನಂಗ ಮಾಡಬ್ಯಾಡ, ಭಾಳ ನೋವಾಗತೈತಿ,” ಅಂದ. “ಅಬ್ಬಾನಂಗ ಮಾಡು. ಇನ್ನೊಮ್ಮಿ.”

ವಿಮಾನ ಖಾಲಿಯಾಗಿ, ಗಗನಸಖಿ ಬಂದು ಇಳಿಯಿರಿ ಎನ್ನುವವರೆಗೂ ಗುಲ್ನಾಜ ಅಬ್ಬಾ ಆಗಿಯೇ ಇದ್ದಳು.