ಹದಿಮೂರನೆಯ ಪ್ರಶ್ನೆ

ಬೇಡಮ್ಮ ಎಂಬ ಹೆಸರು ಆಕೆಗೆ ಬಿದ್ದದ್ದು ಸಾಲ ಕೊಡುವ ಕಂಪನಿಯಲ್ಲಿ. ಇಪ್ಪತ್ತೆರಡು ವರ್ಷ ಅಲ್ಲಿ ಅರ್ಜಿಗಳನ್ನು ಸೋಸುವುದೇ ಆಕೆಯ ಕೆಲಸ. ಅರ್ಜಿಯ ಕೆಳಗೆ ‘ಬೇಡ’ ಎಂದು ಬರೆದು ಸಹಿ ಹಾಕಿದಳೆಂದರೆ ಮುಗಿಯಿತು, ಮ್ಯಾನೇಜರನೇ ಬಂದು ಗೋಗರೆದರೂ ಅದು ಬದಲಾಗುತ್ತಿರಲಿಲ್ಲ. ಅಂಥವಳು ನಲವತ್ತಾರನೆಯ ವಯಸ್ಸಿಗೆ ಕೆಲಸ ಬಿಟ್ಟು, ಕೂಡಿಟ್ಟಿದ್ದನ್ನೆಲ್ಲ ಸುರಿದು ದಿಕ್ಕಿಲ್ಲದ ಮಕ್ಕಳಿಗೊಂದು ಮನೆ ತೆರೆದಾಗ ಕಂಪನಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಆರು ತಿಂಗಳಲ್ಲಿ ಬಾಗಿಲು ಮುಚ್ಚುತ್ತಾಳೆ ಎಂದು ನಕ್ಕರು. ನಗುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೇ? ಮನೆ ನಡೆಯುತ್ತಲೇ ಆರು ವರ್ಷವಾಯಿತು.

ಮಂಚಗಳು ಇಪ್ಪತ್ತನಾಲ್ಕು, ಬಾಗಿಲಿಗೆ ಬರುವ ಮಕ್ಕಳು ಲೆಕ್ಕವಿಲ್ಲದಷ್ಟು. ಯಾರನ್ನು ಒಳಗೆ ಕರೆಯುವುದು? ಆಕೆ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಸಾಲದ ಅರ್ಜಿಯ ಮಾದರಿಯಲ್ಲೇ ಹದಿನಾಲ್ಕು ಪ್ರಶ್ನೆಗಳ ಒಂದು ಫಾರಂ ಮಾಡಿದಳು. ಒಂದೊಂದು ಕಷ್ಟಕ್ಕೆ ಇಷ್ಟಿಷ್ಟು ಅಂಕ. ಅರವತ್ತು ದಾಟಿದ ಮಗುವಿಗೆ ಮಂಚ. ಮುಖದಾಕ್ಷಿಣ್ಯ ಬರಬಾರದೆಂದು ಹೆಸರು, ವಿಳಾಸ, ಉತ್ತರಗಳ ಮೇಲೆ ರಟ್ಟಿನ ತುಂಡೊಂದನ್ನಿಟ್ಟು ಅಂಕಗಳನ್ನು ಮಾತ್ರ ನೋಡುತ್ತಿದ್ದಳು.

ಅಡುಗೆ, ಆರೈಕೆ ಎಲ್ಲ ಹೊತ್ತಿದ್ದ ಹೆಂಗಸನ್ನು ಮಕ್ಕಳು ದೊಡ್ಡಮ್ಮ ಎನ್ನುತ್ತಿದ್ದರು. ಆಕೆ ಒಮ್ಮೆ ಕೇಳಿಯೇಬಿಟ್ಟಳು: “ಹಸಿದ ಮಗೂಗೆ ಪರೀಕ್ಷೆ ಇಡ್ತೀರಲ್ಲ, ನಿಮಗೆ ಹೇಗೆ ಮನಸ್ಸು ಬರುತ್ತೆ?”

“ಮನಸ್ಸಿಗೆ ಬಿಟ್ರೆ ಜೋರಾಗಿ ಅಳೋ ಮಗೂಗೆ ಮಂಚ ಸಿಗುತ್ತೆ ದೊಡ್ಡಮ್ಮ. ಅಳೋಕೂ ಬಾಯಿ ಬರದ ಮಗು ಬೀದೀಲೇ ಉಳಿಯುತ್ತೆ.”

ದೊಡ್ಡಮ್ಮ ಒಲೆಯ ಕಡೆ ತಿರುಗಿದಳು. ಮಾತು ನಿಜವೇ ಆಗಿತ್ತು.

ಆರು ವರ್ಷ ತುಂಬಿದ ಮೇಲೆ, ಒಂದೇ ಒಂದು ಮಂಚ ಖಾಲಿ ಇದ್ದಾಗ ಅಕ್ಕ-ತಂಗಿಯರ ಅರ್ಜಿ ಬಂತು. ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು, ತಂದೆ ಎಂದೋ ನಾಪತ್ತೆ. ತಾಯಿ ದುಡಿಯುತ್ತಿದ್ದ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಗಂಟುಗಳ ನಡುವೆ ಮಕ್ಕಳಿಬ್ಬರೂ ಮಲಗುತ್ತಿದ್ದರು. ವಿಚಾರಣೆಗೆ ಹೋದ ಮನೆಯ ಕಾರ್ಯಕರ್ತೆ ಇಬ್ಬರಿಗೂ ಬೇರೆ ಬೇರೆ ಫಾರಂ ತುಂಬಿ ತಂದಳು. ಹತ್ತು ವರ್ಷದ ಅಕ್ಕನಿಗೆ ಎಪ್ಪತ್ತೆಂಟು, ನಾಲ್ಕು ವರ್ಷದ ತಂಗಿಗೆ ಐವತ್ತೆರಡು. ಬೇಡಮ್ಮ ರಟ್ಟು ಇಟ್ಟು ಅಂಕ ಕೂಡಿ ನೋಡಿದಳು, ತಪ್ಪಿರಲಿಲ್ಲ. ಒಂದಕ್ಕೆ ಒಪ್ಪಿಗೆ ಕೊಟ್ಟಳು, ಇನ್ನೊಂದರ ಕೆಳಗೆ ‘ಬೇಡ’ ಎಂದು ಬರೆದಳು. ಇಬ್ಬರೂ ಒಡಹುಟ್ಟಿದವರೆಂದು ತಿಳಿದದ್ದು ಆಮೇಲೆ. ಬಿದ್ದ ಸಹಿ ಬಿತ್ತು. ಸದ್ಯಕ್ಕೆ ಚಿಕ್ಕವಳನ್ನು ಲಾಂಡ್ರಿಯ ಯಜಮಾನಿ ನೋಡಿಕೊಳ್ಳುತ್ತಾಳಂತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಕ್ಕ ಬಂದಳು. ಕೊಟ್ಟದ್ದು ಉಂಡಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಆಟಕ್ಕೆ ಮಾತ್ರ ಹೋಗಲಿಲ್ಲ. ಇಡೀ ಮನೆಯ ಬಟ್ಟೆಯನ್ನು ಇಸ್ತ್ರಿ ಮಾಡಿದ ಹಾಗೆ ಮಡಿಚಿಡುತ್ತ ಐದು ದಿನ ಕಳೆದಳು.

ಆರನೆಯ ದಿನ ಬೆಳಿಗ್ಗೆ ಕಾರ್ಯಕರ್ತೆ ಓಡೋಡಿ ಬಂದಳು. “ಮೇಡಂ, ಲಾಂಡ್ರಿಯವರು ಇನ್ನು ತಮ್ಮ ಕೈಲಾಗಲ್ಲ ಅಂತಿದ್ದಾರೆ. ಬಟ್ಟೆ ಕೊಡೋಕೆ ಬರೋನೊಬ್ಬ ಮಗೂನ ನಾನು ಕರ್ಕೊಂಡು ಹೋಗ್ತೀನಿ ಅಂದನಂತೆ. ನಾಳೆ ಬರ್ತಾನಂತೆ. ಅವನು ಯಾರು, ಎಲ್ಲಿಯವನು, ಒಂದೂ ಅವರಿಗೆ ಗೊತ್ತಿಲ್ಲ.”

ಬಾಗಿಲಲ್ಲಿ ಮಡಿಚಿದ ಹೊದಿಕೆಗಳನ್ನು ಹಿಡಿದು ಅಕ್ಕ ನಿಂತಿದ್ದಳು. ಅವಳು ಹೊದಿಕೆಗಳನ್ನು ಕುರ್ಚಿಯ ಮೇಲಿಟ್ಟು ಮೇಜಿನ ಹತ್ತಿರ ಬಂದಳು.

“ಮೇಡಂ, ನಾನು ಸುಳ್ಳು ಹೇಳಿದ್ದೆ.”

“ಏನು ಸುಳ್ಳು?”

“ತಂಗೀನ ಯಾರು ನೋಡ್ಕೋತಾರೆ ಅಂತ ಕೇಳಿದ್ರು. ‘ನಾನು’ ಅಂದೆ. ನಾನು ನೋಡ್ಕೊಳ್ಳಲ್ಲ. ಹೊಡೀತೀನಿ. ಊಟ ನಾನೊಬ್ಬಳೇ ತಿಂದ್ಬಿಡ್ತೀನಿ. ಜ್ವರ ಬಂದಾಗ ಬಿಟ್ಟು ಓಡಿಹೋಗಿದ್ದೆ. ಹಾಗೇ ಬರ್ಕೊಳ್ಳಿ.” ಆಮೇಲೆ ಕೇಳಿದಳು, “ಈಗ ಅವಳಿಗೆ ಮಾರ್ಕ್ಸ್ ಜಾಸ್ತಿ ಆಗುತ್ತಾ?”

ಆ ಮನೆಯ ಮಕ್ಕಳಿಗೆಲ್ಲ ತಮ್ಮ ತಮ್ಮ ಅಂಕ ಬಾಯಿಪಾಠ. ಕಷ್ಟ ಹೆಚ್ಚಿದ್ದರೆ ಅಂಕ ಹೆಚ್ಚು ಎಂದು ಇವಳಿಗೂ ಯಾರೋ ಹೇಳಿದ್ದರು.

ಇಪ್ಪತ್ತೆರಡು ವರ್ಷ ಸುಳ್ಳು ಹೇಳುವವರ ಮುಖ ನೋಡಿದವಳು ಬೇಡಮ್ಮ. ಬಂದವರೆಲ್ಲ ತಾವು ಒಳ್ಳೆಯವರೆಂದು ಸುಳ್ಳು ಹೇಳಿದ್ದರು. ತಾನು ಕೆಟ್ಟವಳೆಂದು ಸುಳ್ಳು ಹೇಳಲು ಬಂದವಳು ಇವಳೊಬ್ಬಳೇ.

ಆಕೆ ತಂಗಿಯ ಫಾರಂ ತೆಗೆದಳು. ರಟ್ಟು ಇಡಲಿಲ್ಲ. ಹದಿಮೂರನೆಯ ಪ್ರಶ್ನೆ: ನೋಡಿಕೊಳ್ಳುವವರು ಇದ್ದಾರೆಯೇ? ಇದ್ದಾರೆ. ಸಂಬಂಧ: ಅಕ್ಕ. ಇಪ್ಪತ್ತಕ್ಕೆ ಸೊನ್ನೆ. ಅಕ್ಕನ ವಯಸ್ಸೆಷ್ಟು ಎಂದು ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಸಾಲದ ಅರ್ಜಿಯಲ್ಲಿ ಇದು ಜಾಮೀನಿನ ಪ್ರಶ್ನೆಯಾಗಿತ್ತು. ಜಾಮೀನು ನಿಲ್ಲುವವರು ದೊಡ್ಡವರೇ ಆಗಿರುತ್ತಾರೆ, ವಯಸ್ಸು ಕೇಳಬೇಕೆಂದು ಆಕೆಗೆ ಹೊಳೆದೇ ಇರಲಿಲ್ಲ. ತಾನೇ ಮುಳುಗಿರುವವನ ಜಾಮೀನು ತೆಗೆದುಕೊಳ್ಳಬಾರದು ಎಂಬುದು ಹೊಸಬರಿಗೆ ಆಕೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ. ನಾಚಿಕೆಯಿಂದ ಕುಗ್ಗಿಹೋದಳು.

“ಚಪ್ಪಲಿ ಹಾಕ್ಕೋ, ಹೋಗೋಣ,” ಎಂದಳು ಹುಡುಗಿಗೆ.

“ಮಂಚ ಇಲ್ವಲ್ಲ ಮೇಡಂ?” ಎಂದಳು ಕಾರ್ಯಕರ್ತೆ.

“ನಮ್ಮಿಬ್ಬರಿಗೂ ಒಂದೇ ಸಾಕು,” ಎಂದಳು ಹುಡುಗಿ, ಆಗಲೇ ಹೊಸ್ತಿಲು ದಾಟಿ.

ಲಾಂಡ್ರಿಯಲ್ಲಿ ಚಿಕ್ಕವಳು ಗಂಟೊಂದರ ಮೇಲೆ ಕೂತಿದ್ದಳು. ಅಕ್ಕನನ್ನು ಕಂಡವಳೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅಕ್ಕ ಕುಕ್ಕರಗಾಲಲ್ಲಿ ಕೂತು, ಅದಲುಬದಲಾಗಿ ಹಾಕಿದ್ದ ಅವಳ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದಳು. ಕೊನೆಯ ಗುಂಡಿಗೆ ಬರುವಷ್ಟರಲ್ಲಿ ಚಿಕ್ಕವಳು ಅವಳ ಕೊರಳಿಗೆ ಜೋತುಬಿದ್ದಿದ್ದಳು. ಬೇಡಮ್ಮ ಹೊರಗೆ ಬಂದು ಕಣ್ಣೊರೆಸಿಕೊಂಡಳು.

ಮನೆಗೆ ಬಂದು ಹೊಸ ಫಾರಂ ತುಂಬಲು ಕೂತಳು. ತಂಗಿ ಅಕ್ಕನ ತೊಡೆಯ ಮೇಲೆ ನಿದ್ದೆಹೋಗಿದ್ದಳು.

“ಇವಳನ್ನ ಯಾರು ನೋಡ್ಕೋತಾರೆ?”

“ಯಾರೂ ಇಲ್ಲ,” ಎಂದಳು ಹುಡುಗಿ, ತಂಗಿಯ ತಲೆ ಸವರುತ್ತ.

ಬೇಡಮ್ಮ ‘ಅಕ್ಕ’ ಎಂದೇ ಬರೆದಳು. ಪಕ್ಕದಲ್ಲಿ ಗೆರೆ ಎಳೆದು ‘ವಯಸ್ಸು ಹತ್ತು’ ಎಂದು ಸೇರಿಸಿ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಳು. “ನಿಜಾನೇ ಬರೆದಿದ್ದೀನಿ. ಇನ್ಮೇಲೆ ನಿನ್ನ ಮೇಲೆ ನೀನೇ ಸುಳ್ಳು ಹೇಳ್ಕೋಬೇಡ ಮಗಳೇ.”

ಮಕ್ಕಳು ಒಳಗೆ ಹೋದ ಮೇಲೆ ಆಕೆ ಮೂಲೆಯ ಬೀರು ತೆಗೆದಳು. ಆರು ವರ್ಷದಲ್ಲಿ ‘ಬೇಡ’ ಎಂದ ಅರ್ಜಿಗಳೆಲ್ಲ ಅಲ್ಲಿದ್ದವು. ಒಂದೊಂದರಲ್ಲೂ ಹದಿಮೂರನೆಯ ಪ್ರಶ್ನೆಯೊಂದನ್ನೇ ಓದುತ್ತ ಹೋದಳು. ದೊಡ್ಡಮ್ಮ ಊಟಕ್ಕೆ ಎರಡು ಸಲ ಕರೆದದ್ದು ಕಿವಿಗೆ ಬೀಳಲಿಲ್ಲ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಮೂವತ್ತೊಂದು ಅರ್ಜಿಗಳು ಬೇರೆಯಾಗಿ ಕೂತಿದ್ದವು.

“ಇವರೆಲ್ಲ ಈಗ ಎಲ್ಲಿದ್ದಾರೋ ಏನೋ ಮೇಡಂ,” ಎಂದಳು ಕಾರ್ಯಕರ್ತೆ, ಮೆಲ್ಲಗೆ.

“ವಿಳಾಸ ಇದೆಯಲ್ಲ. ಮೇಲಿಂದು ಓದು.”

ಆರು ವರ್ಷದ ಹಿಂದಿನ ಕಾಗದ. ಮಗುವಿಗೆ ಆಗ ಮೂರು ವರ್ಷ. ನೋಡಿಕೊಳ್ಳುವವರು: ಇದ್ದಾರೆ. ಸಂಬಂಧ: ಅಣ್ಣ. ಕೆಳಗೆ ಬೇಡಮ್ಮನ ಗುಂಡನೆಯ ಅಕ್ಷರದಲ್ಲಿ ಅದೇ ಒಂದು ಮಾತು, ಅದರ ಕೆಳಗೆ ಸಹಿ.

ಕಾರ್ಯಕರ್ತೆ ಓದಿ ಮುಗಿಸುವ ಮೊದಲೇ ಬೇಡಮ್ಮ ಮತ್ತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.