ಬೆರಕೆ ಓದು

ಹಣ್ಣಾದ ರೇಷ್ಮೆಹುಳುಗಳನ್ನು ತಟ್ಟೆಯಿಂದ ಆರಿಸಿ ಆಂಜಿನಮ್ಮ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಎದುರಿಗೆ ತಂಗಿ ಶ್ಯಾಮಲ. ಬೆಳಕಿಗೆ ಹಿಡಿದಾಗ ಮೈ ಹೊಳೆದರೆ ತೆಗೆಯಬೇಕು. ಮಬ್ಬಾಗಿದ್ದರೆ ಸೊಪ್ಪಿಗೇ ಬಿಡಬೇಕು. ಸಂಜೆಯೊಳಗೆ ಮುಗಿಯದಿದ್ದರೆ ಹುಳ ತಟ್ಟೆಯಲ್ಲೇ ಗೂಡು ಕಟ್ಟಿಬಿಡುತ್ತದೆ.

ಅಂಗಳದಲ್ಲಿ ಕಾಲು ತೊಳೆದ ಸದ್ದಾಯಿತು. ನಂಗಲಿಯಿಂದ ಸೋದರಮಾವ ಸೊಣ್ಣಪ್ಪ ಬಂದಿದ್ದ. ಹುಳುಮನೆಗೆ ಹೊರಗಿನವರು ಬರುವಂತಿಲ್ಲವೆಂದು ಹೊಸ್ತಿಲಾಚೆಯೇ ಕೂತ. ಆಂಜಿನಮ್ಮ ದಾವಣಿ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅವಳು ಮೈನೆರೆದ ವರ್ಷವೇ ಅವನ ಜೊತೆ ಮದುವೆಗೆ ತಾಂಬೂಲವಾಗಿತ್ತು. ಅಂದಿನಿಂದ ಮಾವನೆದುರು ಬಾಯಿ ಬಿಡುವ ಹಾಗಿರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದೂ ಅದಕ್ಕೇ. ಹೋಗುವ ಮನೆ ಗೊತ್ತಾದ ಮೇಲೆ ಓದು ಯಾಕೆ ಎಂದಿದ್ದರು. ಶ್ಯಾಮಲಳಿಗೆ ಯಾವ ಮನೆಯೂ ಗೊತ್ತಾಗಿರಲಿಲ್ಲ. ಹಾಗಾಗಿ ಅವಳು ಓದಿದಳು. ಈಗ ಮುಳಬಾಗಿಲಲ್ಲಿ ಪಿಯುಸಿ ಪರೀಕ್ಷೆ ಬರೆದು ಬಂದಿದ್ದಳು.

"ಏಮಿರಾ ಸೊಣ್ಣಾ, ನಿನ್ನ ಓದು ಮುಗೀತಾ? ಡಾಕ್ಟ್ರೋ, ಇಂಜಿನಿಯರೋ?" ಕಾಫಿ ಕೊಡುತ್ತ ಅಮ್ಮ ಚಿಕ್ಕಗಂಗಮ್ಮ ಕೇಳಿದಳು.

"ಎರಡೂ ಅಲ್ಲಕ್ಕಾ. ಹೊಸಾ ಡಿಗ್ರಿ ಇದು. ಸೈನ್ಸೂ ಇರ್ತದೆ, ಮಿಷಿನ್ನೂ ಇರ್ತದೆ, ಕಂಪ್ಯೂಟ್ರೂ ಇರ್ತದೆ. ಎಲ್ಲಾ ಸೇರ್ಸಿ ಹೇಳ್ಕೊಡ್ತಾರೆ."

"ಹಂಗಾದ್ರೆ ಬೆರಕೆ ಸೊಪ್ಪು ಅನ್ನು. ಸಿಕ್ಕಿದ್ದೆಲ್ಲಾ ಕಿತ್ಕೊಂಡ್ ಬಂದು ಒಂದೇ ಮಡಕೇಲಿ ಬೇಯ್ಸೋದು."

ಶ್ಯಾಮಲ ಕಿಸಕ್ಕನೆ ನಕ್ಕಳು. "ಮಾವಾ, ಅದಕ್ಕೆ ಹುಡುಗೀರ್ನೂ ತಗೋತಾರಾ?"

"ಯಾಕ್ ತಗೊಳಲ್ಲ? ನಮ್ ಕ್ಲಾಸಲ್ಲೇ ಇದಾರೆ."

ತಂಗಿಯ ಮುಖ ಅರಳಿದ್ದನ್ನು ಆಂಜಿನಮ್ಮ ಓರೆಗಣ್ಣಲ್ಲೇ ಕಂಡಳು. ಅದೇ ಡಿಗ್ರಿಗೆ ಸೇರುತ್ತೀನೆಂದು ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅವಳು ಅಕ್ಕನೊಬ್ಬಳಿಗೇ ಹೇಳಿದ್ದಳು.

ಸೊಣ್ಣಪ್ಪ ಕಾಫಿ ಕುಡಿದು ಮುಗಿಸಿ, ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದ. "ಅಕ್ಕಾ, ಬೇಜಾರ್ ಮಾಡ್ಕೋಬೇಡ. ನಾಳೆ ನಾನು ನಾಕು ಜನ ಓದಿರೋರ ಮಧ್ಯೆ ಇರ್ಬೇಕು. ಒಂಚೂರು ಓದಿರೋಳಾದ್ರೆ..."

ಆಂಜಿನಮ್ಮನ ಬೆರಳು ಹುಳದ ಮೇಲೇ ನಿಂತಿತು.

ಅಮ್ಮ ಹೆಚ್ಚು ಹೊತ್ತು ಯೋಚಿಸಲಿಲ್ಲ. "ಅಷ್ಟೇ ತಾನೇ? ಶ್ಯಾಮಲ ಇಲ್ವಾ? ಅವಳೂ ನಾನು ಹೆತ್ತೋಳೇ. ಈ ಬ್ಯಾಸ್ಗೇಲೇ ಮದ್ವೆ ಮಾಡ್ಬಿಡಾನ. ಪಿಯುಸಿ ಆಯ್ತಲ್ಲ, ಇನ್ಯಾತಕ್ಕೆ ಓದು? ದೊಡ್ಡೋಳು ಕೆಲಸ ಬಲ್ಲೋಳು, ಅವಳ್ಗೆ ಯಾರಾದ್ರೂ ಬರ್ತಾರೆ ಬಿಡು."

ಸೊಣ್ಣಪ್ಪ ಶ್ಯಾಮಲಳನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಬೇಡ ಎನ್ನಲಿಲ್ಲ.

ಶ್ಯಾಮಲಳ ಬೆರಳುಗಳ ನಡುವೆ ಹುಳವೊಂದು ಒಡೆದು ರಸ ಅಂಗೈಗಿಳಿಯಿತು.

"ಮೆತ್ತಗೆ ಹಿಡಿಯೇ! ಇಷ್ಟ್ ದಿನ ಸಾಕಿದ್ದು ಹಿಸುಕೋಕಾ?" ಅಮ್ಮ ಗದರಿ ಇನ್ನೊಂದು ತಟ್ಟೆಯನ್ನು ಅವಳ ಮುಂದೆ ಎಳೆದಿಟ್ಟಳು.

ಆಂಜಿನಮ್ಮ ಗೋಡೆಯಿಂದ ಈಚೆ ತಿರುಗಿದಳು. ಈ ಗಂಡಸಿಗೂ ತನಗೂ ಇನ್ನು ಯಾವ ತಾಂಬೂಲವೂ ಇಲ್ಲ, ಅವನೆದುರು ಮಾತಾಡಬಹುದು. ಚಂದ್ರಿಕೆಯಲ್ಲಿ ಜಾಗ ಸಿಕ್ಕ ಹುಳವೊಂದು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತ ಮೊದಲ ಎಳೆ ಹಾಕುತ್ತಿತ್ತು.

"ಅಮ್ಮಾ, ಅವಳ್ನ ಓದಕ್ಕೆ ಕಳ್ಸಮ್ಮಾ," ಎಂದಳು. "ಮಾವಾ, ನೀನಾದ್ರೂ ಹೇಳು."

ಸೊಣ್ಣಪ್ಪ ಖಾಲಿ ಲೋಟವನ್ನು ಮತ್ತೆ ಬಾಯಿಗಿಟ್ಟುಕೊಂಡ.